ಯಾತನೆಯ ಹೂವು
ನಮ್ಮ ಹಿತ್ತಿಲ ಬೇಲಿಗೆ ಹಬ್ಬಿದ ಪ್ಯಾಶನ್ ಹಣ್ಣಿನ ಬಳ್ಳಿಯ ಹೆಸರು ಕೇಳಿ ನೆಂಟರು ಮುಸಿಮುಸಿ ನಗುತ್ತಾರೆ. ಪ್ಯಾಶನ್ ಎಂದರೆ ಪ್ರಣಯವೆಂದೇ ಅವರ ಎಣಿಕೆ. ಮೂಲದಲ್ಲಿ ಆ ಮಾತಿಗೆ ಯಾತನೆಯೆಂದು ಅರ್ಥ. ದಕ್ಷಿಣ ಅಮೆರಿಕಕ್ಕೆ ಹೋದ ಸ್ಪೇನಿನ ಪಾದ್ರಿಗಳು ಈ ಹೂವಿನ ಐದು ಕೇಸರಗಳಲ್ಲಿ ಕ್ರಿಸ್ತನ ಗಾಯಗಳನ್ನೂ, ಮೂರು ಶಲಾಕೆಗಳಲ್ಲಿ ಮೊಳೆಗಳನ್ನೂ, ಸುತ್ತಲ ಎಳೆಗಳಲ್ಲಿ ಮುಳ್ಳಿನ ಕಿರೀಟವನ್ನೂ ಕಂಡರು. ಅಂಥ ಬಳ್ಳಿಯ ಹಣ್ಣು ಮದ್ಯದ ಬಟ್ಟಲಿಗಿಳಿದದ್ದು ವಿಚಿತ್ರವೇ ಸರಿ! 1940ರ ದಶಕದಲ್ಲಿ, ಯುದ್ಧದ ದೆಸೆಯಿಂದ ಅಮೆರಿಕದಲ್ಲಿ ವಿಸ್ಕಿಗೆ ಬರ, ರಮ್ಮಿಗೆ ಸುಗ್ಗಿ. ನ್ಯೂ ಆರ್ಲಿಯನ್ಸಿನ ಪ್ಯಾಟ್ ಓಬ್ರಿಯನ್ ಪಾನಗೃಹದಲ್ಲಿ ರಮ್ಮಿಗೆ ನಿಂಬೆರಸ, ಪ್ಯಾಶನ್ ಹಣ್ಣಿನ ಪಾಕ ಬೆರೆಸಿ ‘ಹರಿಕೇನ್’ ಲಾಂದ್ರದ ಗಾಜಿನಂಥ ಲೋಟದಲ್ಲಿ ಕೊಟ್ಟರು. ಪಾನೀಯಕ್ಕೂ ಅದೇ ಹೆಸರು ನಿಂತಿತು. ನಮ್ಮ ಮನೆಯಲ್ಲಿ ಹಣ್ಣು ತಾನಾಗಿ ಉದುರಿ, ಸಿಪ್ಪೆ ಸುಕ್ಕಿದ ಮೇಲೆ ಪಾನಕಕ್ಕೆ. ರಮ್ಮಿಗೆ ಮನೆಯಾಕೆಯ ಅಪ್ಪಣೆಯಿಲ್ಲ.