ಒಂದು ರೂಪಾಯಿ ನೋಟಿನ ಹಿಂಬದಿ

ಮೊನ್ನೆ ಸಂಬಂಧಿಕರ ಮನೆಯ ಉಪನಯನಕ್ಕೆ ಉಡುಗೊರೆಯ ಕವರಿನೊಳಗೆ ಹಾಕಲು ಹೆಂಡತಿ ಒಂದು ರೂಪಾಯಿ ನೋಟು ಕೇಳಿದಳು. (ಐನೂರು ಕೊಟ್ಟರೂ ನಮ್ಮವರಿಗೆ ಅದರ ಮೇಲಿನ ಆ 'ಒಂದು' ಇಲ್ಲದಿದ್ದರೆ ಸಮಾಧಾನವಿಲ್ಲ ನೋಡಿ!) ಬ್ಯಾಂಕಿನವನ ಮನೆಯಲ್ಲಿ ಅದಕ್ಕೇನು ಬರ? ಹಳೆಯ ಡೈರಿಯೊಳಗಿನಿಂದ ಒಂದು ತೆಗೆದೆ. ಕೊಡುವ ಮುನ್ನ ಹಿಂಬದಿ ತಿರುಗಿಸಿ ಮಗಳಿಗೆ ತೋರಿಸಿ, "ಇದೇನು ಹೇಳು?" ಎಂದೆ.

"ಯಾವುದೋ ಹಡಗು" ಎಂದಳು.

ಹಡಗಲ್ಲ. ಅದು ಸಾಗರ್ ಸಾಮ್ರಾಟ್, ಸಮುದ್ರದಲ್ಲಿ ಕಾಲೂರಿ ನಿಂತು ತೈಲಬಾವಿ ಕೊರೆಯುವ ರಿಗ್. 1973ರಲ್ಲಿ ಜಪಾನಿನಲ್ಲಿ ಕಟ್ಟಿಸಿದ್ದು. 1974ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ ಬಾಂಬೆ ಹೈ ತೈಲ ಸಿಕ್ಕಿದ್ದು ಇದರಿಂದಲೇ. ಮಗಳಿಗೆ ಅಷ್ಟು ಹೇಳಿ ಸುಮ್ಮನಾದೆ. ಆದರೆ ನನ್ನ ಮನಸ್ಸು ಸುಮ್ಮನಾಗಲಿಲ್ಲ. ಆ ನೋಟಿನ ಹಿಂದೆ ನನ್ನದೂ ಒಂದು ಲೆಕ್ಕ ಬಾಕಿ ಇದೆ.

1990ರಲ್ಲಿ ಬಿಕಾಂ ಮುಗಿಸಿ ಉಡುಪಿ ಕಡೆಯಿಂದ ಬಸ್ಸು ಹತ್ತಿ (ಆಗ ಕೊಂಕಣ ರೈಲೆಲ್ಲಿತ್ತು?) ಮುಂಬಯಿಗೆ ಬಂದವನು ಇಳಿದದ್ದು ಚೆಂಬೂರಿನಲ್ಲಿ, ಚಿಕ್ಕಪ್ಪನ ಖೋಲಿಯಲ್ಲಿ. ಅವರು ಮಾಹುಲ್ ಕಡೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರು. ಸಂಜೆ ಗಾಳಿ ತಿರುಗಿದರೆ ಸಾಕು, ಚಿಮಿಣಿ ಎಣ್ಣೆಗೆ ಕೊಳೆತ ಮೊಟ್ಟೆ ಬೆರೆಸಿದಂಥ ವಾಸನೆ. ಒಂದು ದಿನ ನಾನು ಮೂಗು ಮುಚ್ಚಿಕೊಂಡಾಗ ಚಿಕ್ಕಪ್ಪ ಹೇಳಿದರು: "ವಾಸನೆಗೆ ಬೈಬೇಡ ಮಾರಾಯ. ನಿನ್ನ ಕಾಲೇಜಿನ ಫೀಸು ಬಂದದ್ದು ಅದರಿಂದಲೇ." ನಿಜ. ತಿಂಗಳು ತಿಂಗಳು ಅವರ ಮನಿಯಾರ್ಡರು ಬಾರದಿದ್ದರೆ ನಾನು ಬಿಕಾಂ ಮುಗಿಸುತ್ತಿರಲಿಲ್ಲ.

ಆ ವಾಸನೆಯ ಹಿಂದೊಂದು ಚರಿತ್ರೆ ಇದೆ. ನಮ್ಮ ದೇಶದಲ್ಲಿ ತೈಲೋದ್ಯಮ ಶುರುವಾದದ್ದು ಅಸ್ಸಾಮಿನ ದಿಗ್ಬೋಯಿಯಲ್ಲಿ. ಅಲ್ಲಿ 1901ರಲ್ಲೇ ಸಂಸ್ಕರಣಾಗಾರ ಬಂತು. ಸ್ವಾತಂತ್ರ್ಯ ಬಂದ ಮೇಲೆ ಅದೊಂದೇ ಸಾಲದಾಯಿತು. 1951ರಲ್ಲಿ ಸರ್ಕಾರ ವಿದೇಶಿ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. 25 ವರ್ಷ ರಾಷ್ಟ್ರೀಕರಣ ಮಾಡುವುದಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು. ಹಾಗೆ 1954ರಲ್ಲಿ ಸ್ಟ್ಯಾನ್‌ವ್ಯಾಕ್ (ಮುಂದೆ ಎಸ್ಸೋ), 1955ರಲ್ಲಿ ಬರ್ಮಾ ಶೆಲ್, ಎರಡೂ ಟ್ರಾಂಬೆಯ ಮಗ್ಗುಲಲ್ಲಿ, ಕೋಳಿ ಮೀನುಗಾರರ ಮಾಹುಲ್ ಹಳ್ಳಿಯ ಬಳಿ ನೆಲೆಯೂರಿದವು.

ಆದರೆ ಕೀಲಿಕೈ ಅವರ ಬಳಿಯೇ ಉಳಿಯಿತು. 1960ರಲ್ಲಿ ಸೋವಿಯತ್ ದೇಶ ಅಗ್ಗದ ಕಚ್ಚಾತೈಲ ಕೊಡುತ್ತೇನೆಂದು ಮುಂದೆ ಬಂದಾಗ ಈ ಕಂಪನಿಗಳು ಅದನ್ನು ಸಂಸ್ಕರಿಸಲು ಒಪ್ಪಲಿಲ್ಲ. ನಮ್ಮ ನೆಲದಲ್ಲೇ ನಿಂತ ಕಾರ್ಖಾನೆ, ಆದರೆ ಅದಕ್ಕೆ ಏನು ಹಾಕಬೇಕೆಂದು ನಾವು ಹೇಳುವಂತಿಲ್ಲ! ಮಂತ್ರಿ ಕೆ.ಡಿ. ಮಾಳವೀಯರು ಸರ್ಕಾರದ್ದೇ ಶೋಧನೆ, ಸರ್ಕಾರದ್ದೇ ಸಂಸ್ಕರಣೆ ಎಂದು ಹಟ ಹಿಡಿದದ್ದು ಯಾಕೆಂದು ಇದರಿಂದ ಅರ್ಥವಾಗುತ್ತದೆ.

1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾತೈಲದ ಬೆಲೆ ಕೆಲವೇ ತಿಂಗಳಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಅಂಥ ಹೊತ್ತಿನಲ್ಲಿ ಬಾಂಬೆ ಹೈ ಸಿಕ್ಕಿತು ಅಂದರೆ ಸಂಭ್ರಮ ಎಷ್ಟಿದ್ದಿರಬೇಕು, ಊಹಿಸಿ. 1974ರಲ್ಲಿ ಎಸ್ಸೋ, 1976ರಲ್ಲಿ ಬರ್ಮಾ ಶೆಲ್ ಸರ್ಕಾರದ ಪಾಲಾದವು. 1976ರ ಮೇ ತಿಂಗಳಲ್ಲಿ ಬಾಂಬೆ ಹೈ ಉತ್ಪಾದನೆ ಶುರುವಾಯಿತು. ರಿಗ್ಗಿನ ಚಿತ್ರ ನೋಟಿನ ಮೇಲೆ ಹತ್ತಿದ್ದು ಸುಮ್ಮನೆ ಅಲ್ಲ.

ಈಗ ಲೆಕ್ಕದವನ ಬುದ್ಧಿ ಕೇಳಿ. 1984-85ರಲ್ಲಿ ನಮ್ಮ ದೇಶದ ಕಚ್ಚಾತೈಲ ಉತ್ಪಾದನೆ ಸುಮಾರು 2.9 ಕೋಟಿ ಟನ್. 2023-24ರಲ್ಲಿ? ಅದೂ ಸುಮಾರು 2.9 ಕೋಟಿ ಟನ್ನೇ! ಆದರೆ ಪೆಟ್ರೋಲಿಯಂ ಉತ್ಪನ್ನಗಳ ಬಳಕೆ ಇದೇ ಅವಧಿಯಲ್ಲಿ 4 ಕೋಟಿ ಟನ್ನಿಗಿಂತ ಕಡಿಮೆ ಇದ್ದದ್ದು 23 ಕೋಟಿ ದಾಟಿದೆ. ಸಂಬಳ ಅಷ್ಟೇ, ಖರ್ಚು ಆರು ಪಟ್ಟು. ಇಂಥ ಗಿರಾಕಿ ಸಾಲಕ್ಕೆ ಬಂದರೆ ಯಾವ ಮ್ಯಾನೇಜರೂ ಒಂದು ಸಲ ಕನ್ನಡಕ ಒರೆಸಿಕೊಂಡು ನೋಡುತ್ತಾನೆ.

ಇದರ ಬಿಸಿ ನಾನೇ ಕಂಡದ್ದು ಬಂದ ವರ್ಷವೇ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತು. ತೈಲಬೆಲೆ ಏರಿತು, ಕೊಲ್ಲಿಯಿಂದ ಬರುವ ಹಣ ಕಡಿಮೆಯಾಯಿತು, ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ವಾಪಸು ಕರೆತರಬೇಕಾಯಿತು. ಸರ್ಕಾರದ ಕೊರತೆ ಬಜೆಟ್ಟುಗಳ ಭಾರ ಮೊದಲೇ ಇತ್ತು. ಕಾರಣ ತೈಲ ಒಂದೇ ಅಲ್ಲ, ಆದರೆ ಒಣಗಿದ ಸೌದೆಗೆ ಎಣ್ಣೆ ಸುರಿದಂತಾಯಿತು. 1991ರ ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಕಳಿಸಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಆಗಷ್ಟೇ ಬ್ಯಾಂಕ್ ಸೇರಿದ್ದ ನಾನು ಊರವರ ಬಳೆ, ಸರ ಅಡವಿಗೆ ಬರುವುದನ್ನು ನೋಡಿದ್ದೆ. ದೇಶವೂ ಹಾಗೆ ಮಾಡುತ್ತದೆಂದು ಗೊತ್ತಿರಲಿಲ್ಲ.

ದುಡ್ಡಿನ ಲೆಕ್ಕ ಇದಾಯಿತು. ಪುಸ್ತಕಕ್ಕೆ ಏರದ ಖರ್ಚೂ ಇವೆ. 2005ರ ಜುಲೈ 26ರ ಮುಂಬಯಿ ಮಳೆ ನಮಗೆಲ್ಲ ನೆನಪಿದೆ. ಮಾರನೆಯ ದಿನ ನಾವು ಸೊಂಟದವರೆಗಿನ ನೀರಿನಲ್ಲಿ ಮನೆ ಹುಡುಕುತ್ತಿದ್ದಾಗ ಬಾಂಬೆ ಹೈನಲ್ಲಿ ಬೆಂಕಿ ಬಿದ್ದಿತ್ತು. ಬೆರಳು ಕತ್ತರಿಸಿಕೊಂಡ ಅಡುಗೆಯವನೊಬ್ಬನನ್ನು ಚಿಕಿತ್ಸೆಗೆಂದು ಕರೆತಂದ ಹಡಗು ಅಲೆಗೆ ಸಿಕ್ಕಿ ಪ್ಲಾಟ್‌ಫಾರ್ಮಿನ ಗ್ಯಾಸ್ ಕೊಳವೆಗೆ ಬಡಿಯಿತು. ಎರಡು ಗಂಟೆಯೊಳಗೆ ಇಡೀ ಪ್ಲಾಟ್‌ಫಾರ್ಮ್ ಕುಸಿಯಿತು. 22 ಜನ ಹೋದರು. ಊರೇ ಮುಳುಗಿದ್ದಾಗ ಅವರಿಗಾಗಿ ಅಳುವವರಾದರೂ ಎಷ್ಟು ಮಂದಿ? ಅಡುಗೆಯವನು ಅಂದ ಕೂಡಲೇ ನನಗೆ ಚಿಕ್ಕಪ್ಪನ ಮುಖ ಕಣ್ಣಮುಂದೆ ಬಂದಿತ್ತು.

ಇನ್ನು ಮಾಹುಲ್. ತಾನ್ಸಾ ನೀರಿನ ಪೈಪಿನ ಪಕ್ಕದ ಗುಡಿಸಲುಗಳನ್ನು ಕೆಡವಿ, ಅಲ್ಲಿದ್ದವರನ್ನು 2017ರ ಸುಮಾರಿಗೆ ಮಾಹುಲಿನ ಕಟ್ಟಡಗಳಿಗೆ ಕಳಿಸಿದರು. ಆ ಗಾಳಿಯಲ್ಲಿ ಇರಲಾರೆವೆಂದು ಅವರು ಕೋರ್ಟಿಗೆ ಹೋದರು. ಅಲ್ಲೇ ಇರಿ ಎಂದು ಒತ್ತಾಯಿಸುವಂತಿಲ್ಲ, ಬೇರೆ ಕಡೆ ಮನೆ ಹಿಡಿಯಲು ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಿ ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. 2020ರ ಆಗಸ್ಟಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಾಹುಲ್ ಮತ್ತು ಅಂಬಾಪಾಡಾದ ಗಾಳಿ ಕೆಡಿಸಿದ್ದಕ್ಕೆ ನಾಲ್ಕು ಕಂಪನಿಗಳು ಒಟ್ಟು ಸುಮಾರು 286 ಕೋಟಿ ರೂಪಾಯಿ ಕಟ್ಟಬೇಕೆಂದು ಆದೇಶ ಮಾಡಿತು.

ಚಿಕ್ಕಪ್ಪನ ಮಾತು ಇಲ್ಲಿ ನನಗೆ ಸಾಲುವುದಿಲ್ಲ. ಅವರು ವಾಸನೆ ಸಹಿಸಿದರು, ಸಂಬಳವನ್ನೂ ಪಡೆದರು. ಆ ಕಟ್ಟಡಗಳಿಗೆ ಬಂದವರಿಗೆ ಸಿಕ್ಕಿದ್ದು ವಾಸನೆ ಮಾತ್ರ. ಜಮೆ ಒಬ್ಬರ ಖಾತೆಗೆ, ಖರ್ಚು ಇನ್ನೊಬ್ಬರ ಖಾತೆಗೆ. ಬ್ಯಾಂಕಿನಲ್ಲಿ ಹೀಗೆ ಬರೆದರೆ ಆಡಿಟರ್ ಬಿಡುತ್ತಾನೆಯೇ?

ನಮ್ಮೂರಿಗೂ ಈ ಕಥೆ ಬಂದು ಸೇರಿದೆ. ಮಂಗಳೂರಿನ ಎಂಆರ್‌ಪಿಎಲ್ 1996ರಲ್ಲಿ ಶುರುವಾಯಿತು. ಅಲ್ಲಿ ಕೆಲಸ ಸಿಕ್ಕವರೂ ಇದ್ದಾರೆ, ಗದ್ದೆ-ಮನೆ ಬಿಟ್ಟು ಎದ್ದವರೂ ಇದ್ದಾರೆ. ಕಾಪು ಹತ್ತಿರದ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಉಗ್ರಾಣ ಮಾಡಿದ್ದಾರೆ, ಮಂಗಳೂರಿನಲ್ಲಿ 15 ಲಕ್ಷದ್ದು. ವಿಶಾಖಪಟ್ಟಣದ್ದೂ ಸೇರಿ ಎಲ್ಲ ತುಂಬಿದ್ದರೆ ದೇಶಕ್ಕೆ ಒಂಬತ್ತೂವರೆ ದಿನಕ್ಕೆ ಸಾಕು ಎಂದು ಸರ್ಕಾರದ ಲೆಕ್ಕ. 1991ರ ಪಾಠ ಈಗ ನಮ್ಮೂರ ಬಂಡೆಯ ಕೆಳಗೆ ಮಲಗಿದೆ ಅನ್ನಿ.

ಚಿಕ್ಕಪ್ಪ ರಿಟೈರಾಗಿ ಊರಿಗೆ ಹೋದ ಮೊದಲ ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲವಂತೆ. "ಗಾಳಿಯಲ್ಲಿ ಏನೂ ಇಲ್ಲ ಮಾರಾಯ, ಏನೋ ಕಳೆದುಹೋದ ಹಾಗೆ" ಎಂದು ಫೋನಿನಲ್ಲಿ ನಕ್ಕಿದ್ದರು. ಈಗ ಅವರಿಲ್ಲ.

ಆ ನೋಟನ್ನು ಹೆಂಡತಿಗೆ ಕೊಡಲಿಲ್ಲ. ಅದರ ಬದಲು ಒಂದು ನಾಣ್ಯ ಕೊಟ್ಟೆ. ನೋಟು ಮತ್ತೆ ಡೈರಿ ಸೇರಿದೆ. ನಿಮ್ಮ ಮನೆಯಲ್ಲೂ ಒಂದಿರಬಹುದು, ಸಿಕ್ಕಿದರೆ ಹಿಂಬದಿ ತಿರುಗಿಸಿ ನೋಡಿ.