ಬ್ಲಿದಾದ ಎರಡು ವಾರ್ಡುಗಳು

ಹುಚ್ಚಾಸ್ಪತ್ರೆಯಲ್ಲಿ ಮದ್ದು ಬೇಡ ಅಂದವನನ್ನು ಹುಚ್ಚು ಹೆಚ್ಚಾದವನು ಅಂತ ಬರೆದುಕೊಳ್ಳುವುದು ಹಳೆಯ ರೂಢಿ. ಅವನು ಬೇಡ ಅಂದದ್ದು ಮದ್ದನ್ನೋ, ಮದ್ದು ಕೊಡುವ ಜಾಗವನ್ನೋ ಎಂದು ಕೇಳಿದವರು ಕಡಿಮೆ. ಹಾಗೆ ಕೇಳಿದ ಒಬ್ಬ ಕರಿಯ ಡಾಕ್ಟರನ ಚರಿತ್ರೆ ನಮಗೆ ಬೇಕಾಗಿದೆ.

ಫ್ರಾಂಟ್ಜ್ ಫ್ಯಾನನ್ ಹುಟ್ಟಿದ್ದು 1925ರಲ್ಲಿ, ಫ್ರೆಂಚರ ವಸಾಹತಾಗಿದ್ದ ಮಾರ್ಟಿನಿಕ್ ದ್ವೀಪದಲ್ಲಿ. ಫ್ರಾನ್ಸಿನ ಲಿಯಾನ್ ನಗರದಲ್ಲಿ ವೈದ್ಯ ಓದಿದ. ಆಮೇಲೆ ಟೊಸ್ಕೆಲ್ ಎಂಬ ವೈದ್ಯನ ಕೈಕೆಳಗೆ ಕೆಲಸ ಕಲಿತ. ಈ ಟೊಸ್ಕೆಲ್ ಸರ್ವಾಧಿಕಾರಿ ಫ್ರಾಂಕೋನಿಂದ ತಪ್ಪಿಸಿಕೊಂಡು ಬಂದ ಸ್ಪೇನಿನವನು. ಆಸ್ಪತ್ರೆಯೇ ರೋಗ ಹಿಡಿದು ಕೂತಿರುವಾಗ ರೋಗಿ ಹೇಗೆ ಗುಣವಾದಾನು, ಮೊದಲು ಆಸ್ಪತ್ರೆಯನ್ನು ಗುಣಮಾಡಬೇಕು ಎಂಬುದು ಅವನ ದಾರಿ. ಅಲ್ಲಿ ರೋಗಿಗಳು ಸಭೆ ಸೇರುತ್ತಿದ್ದರು, ಪತ್ರಿಕೆ ತರುತ್ತಿದ್ದರು, ದುಡಿಯುತ್ತಿದ್ದರು.

1953ರ ನವೆಂಬರಿನಲ್ಲಿ ಫ್ಯಾನನ್ ಅಲ್ಜೀರಿಯಾದ ಬ್ಲಿದಾ ಊರಿನ ಮಾನಸಿಕ ಆಸ್ಪತ್ರೆಗೆ ಬಂದ. ಆಗ ಅಲ್ಜೀರಿಯಾ ಫ್ರೆಂಚರ ಕೈಲಿತ್ತು. ಅಲ್ಲಿನ ಮನೋವೈದ್ಯರಿಗೆಲ್ಲ ಗುರುವಾಗಿದ್ದವನು ಅಂತ್ವಾನ್ ಪೊರೊ. ಉತ್ತರ ಆಫ್ರಿಕಾದ ಮುಸ್ಲಿಮನ ಬುದ್ಧಿ ಮಗುವಿನದು, ಸುಳ್ಳು ಮತ್ತು ಹಿಂಸೆ ಅವನ ಹುಟ್ಟುಗುಣ ಎಂದು ಈ ಪಂಡಿತರು ವಿಜ್ಞಾನದ ಹೆಸರಲ್ಲಿ ಬರೆದಿದ್ದರು. ಮನು ಬರೆದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಒಬ್ಬ ಶಾಸ್ತ್ರ ಅಂದ, ಇನ್ನೊಬ್ಬ ಸೈನ್ಸ್ ಅಂದ. ಅಷ್ಟೆ.

ಆಸ್ಪತ್ರೆಯಲ್ಲೂ ಜನಾಂಗಕ್ಕೊಂದು ವಾರ್ಡು. ಫ್ಯಾನನ್ ಪಾಲಿಗೆ ಬಂದವರು 165 ಯುರೋಪಿಯನ್ ಹೆಂಗಸರು, 220 ಮುಸ್ಲಿಂ ಗಂಡಸರು. ಟೊಸ್ಕೆಲನಿಂದ ಕಲಿತದ್ದನ್ನು ಎರಡೂ ಕಡೆ ಶುರುಮಾಡಿದ. ಸಭೆ, ಸಿನಿಮಾ, ಹಾಡು, ಹೆಣಿಗೆ, ಕ್ರಿಸ್‌ಮಸ್ ಹಬ್ಬ. ಹೆಂಗಸರ ವಾರ್ಡು ಕೆಲವೇ ವಾರಗಳಲ್ಲಿ ಬದಲಾಯಿತು. ಮೂಲೆ ಹಿಡಿದಿದ್ದವರು ಎದ್ದು ಬಂದರು, ಮಾತಾಡಿದರು.

ಗಂಡಸರ ವಾರ್ಡಿನಲ್ಲಿ ಏನೂ ಆಗಲಿಲ್ಲ. ಸಭೆಗೆ ಕರೆದರೆ ಎದ್ದು ಹೋಗುತ್ತಿದ್ದರು. ಬುಟ್ಟಿ ಹೆಣೆಯಲು ಕೊಟ್ಟರೆ ಮುಟ್ಟಲಿಲ್ಲ. ಜಗಳ ನಿಲ್ಲಲಿಲ್ಲ. ನೋಡಿದಿರಾ, ಇವರ ಹಣೆಬರಹವೇ ಇಷ್ಟು ಅನ್ನಲು ಪೊರೊನ ಶಿಷ್ಯರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಫ್ಯಾನನ್ ಹಾಗನ್ನಲಿಲ್ಲ. ಅವನೂ ಅವನ ಜೊತೆಗಾರ ಅಜೂಲೇಯೂ ಸೇರಿ 1954ರಲ್ಲಿ ಬರೆದ ಲೇಖನದಲ್ಲಿ ತಪ್ಪು ರೋಗಿಗಳದ್ದಲ್ಲ, ನಮ್ಮದು ಎಂದು ಒಪ್ಪಿಕೊಂಡರು. ಈ ಗಂಡಸರಲ್ಲಿ ಹೆಚ್ಚಿನವರು ಹಳ್ಳಿಯವರು, ಅಕ್ಷರ ಬಾರದವರು. ಅವರಿಗೆ ಪತ್ರಿಕೆ ಕೊಟ್ಟರೇನು ಬಂತು? ಹೆಣಿಗೆ ಅವರ ಕಡೆ ಹೆಂಗಸರ ಕೆಲಸ. ಕ್ರಿಸ್‌ಮಸ್ ಅವರ ಹಬ್ಬವೇ ಅಲ್ಲ. ಡಾಕ್ಟರನಿಗೆ ಅವರ ಭಾಷೆ ಬರದು, ನಡುವೆ ದುಭಾಷಿ. ಆ ಬಡವರು ದುಭಾಷಿಯನ್ನು ಅದುವರೆಗೆ ಕಂಡಿದ್ದದ್ದು ಕೋರ್ಟಿನಲ್ಲಿ, ಸರ್ಕಾರಿ ಕಚೇರಿಯಲ್ಲಿ. ದುಭಾಷಿ ಬಾಯಿ ತೆರೆದನೆಂದರೆ ಇವರ ಬಾಯಿ ಕಟ್ಟುತ್ತಿತ್ತು.

ಆಮೇಲೆ ಅವರು ವಾರ್ಡನ್ನೇ ಬದಲಿಸಿದರು. ಊರಿನಲ್ಲಿರುವಂಥದೇ ಒಂದು ಕಾಫಿ ಅಂಗಡಿ ತೆರೆದರು. ಮುಸ್ಲಿಮರ ಹಬ್ಬಗಳನ್ನು ಮಾಡಿದರು. ನಮ್ಮ ಹೆಳವರ ಹಾಗೆ ಊರೂರು ತಿರುಗುವ ಕತೆಗಾರನನ್ನು ಕರೆಸಿದರು. ಕೈಗೆ ಬುಟ್ಟಿಯ ಬದಲು ಗುದ್ದಲಿ ಕೊಟ್ಟು ನೆಲ ತೋರಿಸಿದರು. ಆಗ ಮುದುರಿ ಕೂತಿದ್ದ ಗಂಡಸರೂ ಮೈ ಕೊಡವಿ ಎದ್ದರು. ಗುಣವಾಗುವ ಆಸೆ ಅವರಲ್ಲಿ ಇಲ್ಲದೆ ಇರಲಿಲ್ಲ. ಆ ಆಸೆ ನಿಲ್ಲಲು ಕಾಲೂರುವಷ್ಟು ಜಾಗ ಆಸ್ಪತ್ರೆಯಲ್ಲಿ ಇರಲಿಲ್ಲ.

ಆದರೆ ಗೋಡೆಯಾಚೆ ಇಡೀ ದೇಶವೇ ಒಂದು ವಾರ್ಡಾಗಿತ್ತು. 1954ರ ನವೆಂಬರ್ 1ಕ್ಕೆ ಸ್ವಾತಂತ್ರ್ಯದ ಯುದ್ಧ ಶುರುವಾಯಿತು. ಮನುಷ್ಯನನ್ನು ಅವನ ನೆಲದಲ್ಲೇ ಪರಕೀಯ ಮಾಡುವ ರಾಜ್ಯದಲ್ಲಿ ಮನಸ್ಸಿಗೆ ಮದ್ದು ಕೊಡುವುದು ಸುಳ್ಳು ಎಂದು ಕಂಡ ಫ್ಯಾನನ್ 1956ರಲ್ಲಿ ರಾಜೀನಾಮೆ ಬಿಸಾಕಿದ. 1957ರಲ್ಲಿ ಅವನನ್ನು ಗಡೀಪಾರು ಮಾಡಿದರು. 1961ರಲ್ಲಿ, 36ನೇ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. ಮರುವರ್ಷ ಅಲ್ಜೀರಿಯಾ ಸ್ವತಂತ್ರವಾಯಿತು. ಬ್ಲಿದಾದ ಆಸ್ಪತ್ರೆಗೆ ಈಗ ಅವನದೇ ಹೆಸರು.

ಇದು ದೂರದ ಕತೆಯಲ್ಲ. ನಮ್ಮ ರಾಂಚಿಯಲ್ಲೂ ಬ್ರಿಟಿಷರು 1918ರಲ್ಲಿ ಯುರೋಪಿಯನ್ನರಿಗೇ ಒಂದು ಹುಚ್ಚಾಸ್ಪತ್ರೆ ತೆರೆದರು. ಭಾರತೀಯರಿಗೆ 1925ರಲ್ಲಿ ಬೇರೊಂದು. ಬ್ರಿಟಿಷರು ಹೋದರು, ಸರಪಳಿ ಹೋಗಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಸುಟ್ಟು ಸತ್ತರು. ಸತ್ತವರು 28 ಜನ.

2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಕೂಡದು ಅನ್ನುತ್ತದೆ. ಬಲವಂತವಾಗಿ ತಲೆ ಬೋಳಿಸಕೂಡದು, ಸಮವಸ್ತ್ರ ತೊಡಿಸಕೂಡದು, ದುಡಿಸಿಕೊಂಡರೆ ಕೂಲಿ ಕೊಡಬೇಕು, ಜಾತಿ ನೋಡಿ ಭೇದ ಮಾಡಕೂಡದು ಅನ್ನುತ್ತದೆ. ಕೇರಿಯಿಂದ ಬಂದ ನಮಗೆ ಈ ಮಾತುಗಳ ಬೆಲೆ ಗೊತ್ತು. ತೊಡುವ ಬಟ್ಟೆ, ದುಡಿದ ಕೂಲಿ, ತಲೆಯ ಮೇಲಿನ ಕೂದಲು, ಇವೆಲ್ಲ ಮನುಷ್ಯನಿಗೆ ತಾನು ಮನುಷ್ಯ ಎಂದು ನೆನಪಿಸುವ ಮದ್ದುಗಳೇ. ಕಾಗದದ ಮೇಲಿರುವ ಈ ಹಕ್ಕು ವಾರ್ಡಿನೊಳಗೆ ಬಂದಿದೆಯೇ? ನಮ್ಮವರನ್ನು ನೋಡಲು ಹೋದಾಗ ಹಣ್ಣಿನ ಜೊತೆಗೆ ಈ ಪ್ರಶ್ನೆಯನ್ನೂ ನಾವು ಒಯ್ಯಬೇಕು. ಉತ್ತರ ಬರುವ ತನಕ ಬಾಗಿಲು ಬಿಟ್ಟು ಕದಲಬಾರದು.