ಗಡಿಗೆ ಒಡೆಯದ ದಾರಿ

ನನ್ನ ಅಜ್ಜ ಖಾನಾಪುರದ ಮಣ್ಣಿನಲ್ಲಿ ಗಡಿಗೆ ಮಾಡುತ್ತಿದ್ದರು. ಚಕ್ಕಡಿಯಲ್ಲಿ ದಪ್ಪಗೆ ಭತ್ತದ ಹುಲ್ಲು ಹಾಸಿ ಜೋಡಿಸಿದರೂ ಬೆಳಗಾವಿ ಸಂತೆ ಮುಟ್ಟುವಷ್ಟರಲ್ಲಿ ನಾಲ್ಕಾರು ಒಡೆದಿರುತ್ತಿದ್ದವು. ಈ ಶಾಲೆಯಲ್ಲಿ ಕೈಗಾರಿಕಾ ಕ್ರಾಂತಿಯ ಪಾಠ ಕಲಿಯುವಾಗ ಉಗಿಯಂತ್ರ, ರೈಲುಗಳ ವಿವರ ಬಾಯಿಪಾಠ ಮಾಡಿದ್ದೆ. ರೈಲಿಗೂ ಮೊದಲು ಇಂಗ್ಲೆಂಡಿನ ಕುಂಬಾರರು ನನ್ನಜ್ಜನ ಕಷ್ಟವನ್ನೇ ಪಟ್ಟಿದ್ದರೆಂದು ತಿಳಿದದ್ದು ಮಾತ್ರ ಕಂಪನಿ ಕೆಲಸದ ಮೇಲೆ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ.

1761ರಲ್ಲಿ ಬ್ರಿಜ್‌ವಾಟರ್ ಎಂಬ ಜಮೀನ್ದಾರ ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ಕಡೆಗೆ ಸಾಗಿಸಲು ಕಾಲುವೆ ತೆರೆದ. ಅದನ್ನು ರೂಪಿಸಿದವರಲ್ಲಿ ಪ್ರಮುಖ, ಹೆಚ್ಚು ಶಾಲೆ ಕಲಿಯದ ಜೇಮ್ಸ್ ಬ್ರಿಂಡ್ಲಿ. ಮುಂದೆ ಜೋಸಾಯ ವೆಜ್‌ವುಡ್ ಎಂಬ ಹೆಸರಾಂತ ಕುಂಬಾರ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆಗಾಗಿ ಹೋರಾಡಿ, 1766ರಲ್ಲಿ ತಾನೇ ಮೊದಲ ಗುದ್ದಲಿ ಹಾಕಿದ. 1777ರಲ್ಲಿ ಅದು ಪೂರ್ಣಗೊಂಡಿತು. ಮಣ್ಣು ನೀರಿನ ಮೇಲೆ ಬಂತು, ಪಾತ್ರೆಗಳು ಕುಲುಕದೆ ಹೋದವು. ದಂಡೆಯ ಮೇಲೆ ನಡೆಯುವ ಒಂದೇ ಕುದುರೆ ಹಗ್ಗದಿಂದ 25–30 ಟನ್ ಭಾರದ ದೋಣಿಯನ್ನು ಎಳೆಯುತ್ತಿತ್ತು.

ಅವ್ವ ನನ್ನಲ್ಲಿಗೆ ಬಂದಿದ್ದಾಗ ಒಂದು ಭಾನುವಾರ ಸ್ಟ್ರಾಟ್‌ಫರ್ಡ್ ಕಾಲುವೆಯಲ್ಲಿ ದಿನದ ಬಾಡಿಗೆಗೆ ದೋಣಿ ಹಿಡಿದೆವು. ಅಗಲ ಏಳು ಅಡಿಯೊಳಗೆ. ವೇಗ ತಾಸಿಗೆ ಆರು ಕಿಲೋಮೀಟರ್ ಮೀರುವಂತಿಲ್ಲ. ದಂಡೆಯಲ್ಲಿ ನಡೆಯುವವರೇ ನಮ್ಮನ್ನು ಹಿಂದೆ ಹಾಕುತ್ತಿದ್ದರು. "ಇಷ್ಟ್ ಸಾವಕಾಶ ಹೋದ್ರ ಊರು ಮುಟ್ಟೂದು ಯಾವಾಗ?" ಎಂದು ಅವ್ವ ನಕ್ಕಳು. ನೆಲ ಇಳಿಜಾರಾದಲ್ಲಿ ಎರಡು ಬಾಗಿಲುಗಳ ನಡುವಿನ ಕಟ್ಟೆಯೊಳಗೆ ದೋಣಿ ನಿಲ್ಲಿಸಿ, ಕೈಯಿಂದ ತೂಬು ಎತ್ತಿ ನೀರು ಬಿಟ್ಟರೆ ದೋಣಿ ಮೆಲ್ಲಗೆ ಕೆಳಗಿಳಿಯುತ್ತದೆ. ಪಂಪು, ಕರೆಂಟು ಬೇಡ. ಕೆಲವು ಸೇತುವೆಗಳ ನಡುವೆ ಒಂದು ಸೀಳು ಬಿಟ್ಟಿದ್ದಾರೆ. ಕುದುರೆಯ ಹಗ್ಗ ಬಿಚ್ಚದೆ ಪಾರಾಗಲು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವ್ವ ಹೇಳಿದಳು: "ಇಂಥಾ ದಾರಿ ಇದ್ದಿದ್ರ ನಿಮ್ಮಜ್ಜನ ಒಂದ್ ಗಡಿಗೀನೂ ಒಡೀತಿರಲಿಲ್ಲ."

ರೈಲು, ಆಮೇಲೆ ಲಾರಿ ಬಂದು ಇಂಥ ಕಾಲುವೆಗಳು ಹೂಳು ತುಂಬಿದವು. 1950ರ ದಶಕದ ಕೊನೆಗೆ, ಯಾರೂ ಬಳಸದ ಈ ಕಾಲುವೆಯನ್ನು ಕೈಬಿಡಬೇಕೆಂದು ಸ್ಥಳೀಯ ಆಡಳಿತ ಹೊರಟಿತು. ಅಷ್ಟರಲ್ಲಿ ಇಬ್ಬರು ಅಲ್ಲಿ ಪುಟ್ಟ ದೋಣಿ ನಡೆಸಿ ಸುಂಕ ಕಟ್ಟಿದ್ದ ಚೀಟಿ ಹೊರಬಂತು. ಬಳಕೆ ಇದೆ ಎನ್ನಲು ಅದೇ ಸಾಕ್ಷಿಯಾಯಿತು! ಸ್ವಯಂಸೇವಕರು, ಸೈನಿಕರು, ಕೈದಿಗಳು ಸೇರಿ ಹೂಳೆತ್ತಿ 1964ರಲ್ಲಿ ಅದನ್ನು ಮತ್ತೆ ತೆರೆದರು.

ನಮ್ಮಲ್ಲೂ ಇಂಥ ಉದಾಹರಣೆಯಿದೆ. ಗಾಂಧೀಜಿ ಅಧ್ಯಕ್ಷತೆಯ 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬೆಳಗಾವಿಯಲ್ಲಿ ತೋಡಿದ ಬಾವಿ ಇಂದಿಗೂ ಇದೆ, ಬಿ.ಇ. ಓದುವಾಗ ದಿನವೂ ಅದರ ಪಕ್ಕವೇ ಹಾದು ಹೋಗುತ್ತಿದ್ದೆ. 1995ರ ನೀರಿನ ಅಭಾವದ ಬಳಿಕ ನಗರಪಾಲಿಕೆ ಹಳೆಯ ಬಾವಿಗಳ ಹೂಳೆತ್ತಿಸಿ ಬಳಕೆಗೆ ತಂದಿತು.

ಅಜ್ಜನ ತಿಗರಿ ಮಾತ್ರ ನಿಂತೇ ಹೋಯಿತು. ನಾನು ಅದನ್ನು ಕಲಿಯಲಿಲ್ಲ. ಆ ಸಂಕಟ ನನಗಿದೆ. ಆದರೆ ನಮ್ಮ ಶಾಲೆಯ ಹಿಂದಿನ ಬಾವಿ ಇನ್ನೂ ಇದೆ. ಅದಕ್ಕೆ ಕಲ್ಲು ಎಸೆದವರಲ್ಲಿ ನಾನೂ ಒಬ್ಬ. ಸುವರ್ಣ ಮಹೋತ್ಸವ ಮುಗಿದ ಮರುದಿನ ಗೆಳೆಯರೆಲ್ಲ ಕೂಡಿ ಅದರ ಹೂಳೆತ್ತೋಣ. ಮೊದಲ ಬುಟ್ಟಿ ನಾನು ಹೊರುತ್ತೇನೆ.